ಗೌರಿಬಿದನೂರಿಗೆ ಮೂರೂವರೆ ನಿಮಿಷ

ಚಿಂತಾಮಣಿಯಲ್ಲಿ ನಿಂತು ಗೌರಿಬಿದನೂರು ಎಷ್ಟು ದೂರ ಎಂದು ಕೇಳಿ ನೋಡಿ. ಕಿಲೋಮೀಟರ್ ಹೇಳುವವರು ಕಡಿಮೆ. ಶಿಡ್ಲಘಟ್ಟದ ಮೇಲೆ ಹೋಗಿ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದರೆ ಇಷ್ಟು ಹೊತ್ತಾಗುತ್ತದೆ ಎನ್ನುತ್ತಾರೆ. ಇದೇ ಲೆಕ್ಕವನ್ನು ನೆಲದಡಿಯ ಅಲೆಗಳಿಗೆ ಹಾಕುವ ಜಾಗವೊಂದು ಗೌರಿಬಿದನೂರಿನಲ್ಲಿದೆ. 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಆರಂಭವಾದ, ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಭೂಕಂಪಮಾಪಕಗಳ ಸಾಲು ಅದು.

ಲೆಕ್ಕದ ಮೂಲ ಅಸ್ಸಾಮಿನಲ್ಲಿದೆ. 1897ರ ಜೂನ್ 12ರ ಮಹಾಕಂಪವನ್ನು ಅಭ್ಯಾಸ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್, ದೂರದ ಯುರೋಪಿನ ಉಪಕರಣಗಳು ಬರೆದಿಟ್ಟ ಗೆರೆಗಳನ್ನೂ ತರಿಸಿ ತಾಳೆ ನೋಡಿದ. ನಡುಕ ಒಂದೇ ಸಲ ಬಂದಿರಲಿಲ್ಲ. ಮೊದಲು ವೇಗದ ಪಿ (ಪ್ರಾಥಮಿಕ) ಅಲೆ, ಆಮೇಲೆ ನಿಧಾನದ ಎಸ್ (ದ್ವಿತೀಯಕ) ಅಲೆ, ಕೊನೆಗೆ ನೆಲದ ಮೇಲ್ಮೈಯನ್ನೇ ಹಿಡಿದು ಬಂದ ದೊಡ್ಡ ಅಲೆಗಳು. ಒಂದೇ ನಿಲ್ದಾಣದಿಂದ ಒಟ್ಟಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು, ಷಟಲ್ ಬಸ್ಸುಗಳ ಹಾಗೆ ಇವು: ದಾರಿ ಉದ್ದವಾದಷ್ಟೂ ಎರಡರ ನಡುವಿನ ಅಂತರ ಹೆಚ್ಚು. ಹತ್ತಿರದ ಕಂಪನಗಳಿಗಾದರೆ ಬಾಯಿಲೆಕ್ಕವೇ ಸಾಕು. ಪಿ, ಎಸ್ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಹೆಚ್ಚುಕಡಿಮೆ ಕಿಲೋಮೀಟರ್ ಸಿಗುತ್ತದೆ. 1906ರಲ್ಲಿ ಅದೇ ಓಲ್ಡ್‌ಹ್ಯಾಮ್, ಭೂಮಿಯ ಆಚೆ ಬದಿಗೆ ಅಲೆಗಳು ತಡವಾಗಿ ತಲುಪುವುದನ್ನು ಕಂಡು ಭೂಮಿಗೊಂದು ಗರ್ಭವಿದೆ ಎಂದು ವಾದಿಸಿದ. ಬರೀ ತಡದ ಲೆಕ್ಕದಿಂದ ಅಲ್ಲಿಗೆ ಮುಟ್ಟಿದ ಎಂಬುದು ನನಗೆ ಇಂದಿಗೂ ಸೋಜಿಗ.

ಈ ವಿದ್ಯೆ ಗೌರಿಬಿದನೂರಿಗೆ ಬಂದದ್ದು ಬಾಂಬಿನ ಭಯದಿಂದ. 1963ರ ಒಪ್ಪಂದ ಗಾಳಿಯಲ್ಲಿ, ನೀರೊಳಗೆ, ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಬೇಡವೆಂದಿತು, ನೆಲದಡಿಯದನ್ನು ಬಿಟ್ಟಿತು. ಕದ್ದು ಸಿಡಿಸಿದ್ದನ್ನು ದೂರದಿಂದಲೇ ಪತ್ತೆಹಚ್ಚಬೇಕಿತ್ತು. ಒಂದೇ ಮಾಪಕ ಇಟ್ಟರೆ ಗಾಳಿ, ಲಾರಿ, ಪಂಪ್‌ಸೆಟ್ಟುಗಳ ಸದ್ದಿನಲ್ಲಿ ದೂರದ ಅಲೆ ಮುಳುಗಿಹೋಗುತ್ತದೆ. ಅದಕ್ಕೆ ಇಲ್ಲಿನ ಹಳೆಯ ಗಟ್ಟಿ ಬಂಡೆಯ ಮೇಲೆ ಎಲ್ ಆಕಾರದಲ್ಲಿ 20 ಮಾಪಕಗಳನ್ನು ಹೂಡಿದರು. ಒಂದೊಂದು ತೋಳಿನಲ್ಲಿ ಹತ್ತು, ಒಂದರಿಂದ ಇನ್ನೊಂದಕ್ಕೆ ಸುಮಾರು ಎರಡೂವರೆ ಕಿ.ಮೀ. ಪಂಪ್‌ಸೆಟ್ಟಿನ ಸದ್ದು ಒಂದು ಮಾಪಕಕ್ಕೆ ಕೇಳಿದರೆ ಇನ್ನೊಂದಕ್ಕೆ ಇಲ್ಲ; ದೂರದ ಅಲೆ ಮಾತ್ರ ಎಲ್ಲವನ್ನೂ ಸರದಿಯಂತೆ ಮುಟ್ಟಿಹೋಗುತ್ತದೆ. ಆ ತಡವನ್ನು ಸರಿಹೊಂದಿಸಿ ಇಪ್ಪತ್ತನ್ನೂ ಕೂಡಿದರೆ ಅಲೆ ಎದ್ದು ಕಾಣುತ್ತದೆ.

ಜಾಣತನ ಇರುವುದು ಆ ತಡದಲ್ಲೇ. ಯಾವ ಮಾಪಕ ಮೊದಲು ಅಲುಗಿತು ಎಂಬುದು ದಿಕ್ಕನ್ನು ಹೇಳುತ್ತದೆ. ಬಹುದೂರದ ಅಲೆ ಭೂಮಿಯ ಆಳಕ್ಕಿಳಿದು ಕೆಳಗಿನಿಂದ ಕಡಿದಾಗಿ ಮೇಲೇಳುವುದರಿಂದ ತೋಳಿನ ಉದ್ದವನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲೇ ದಾಟಬಲ್ಲದು. ಹತ್ತಿರದ್ದು ಅಡ್ಡಡ್ಡ ಬಂದು ಮೂರು, ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತದೆ. ಹಾಗಾಗಿ ಎಸ್ ಅಲೆಗೆ ಕಾಯದೆಯೂ ದೂರವನ್ನು ಅಂದಾಜು ಮಾಡಬಹುದು.

1998ರ ಮೇ 11ರ ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಭಾರತದ ಅಣುಪರೀಕ್ಷೆಗೆ ರಾಜಸ್ಥಾನದ ಪೋಖ್ರಾನ್ ನೆಲ ನಡುಗಿತು. ಅಲ್ಲಿಂದ ಗೌರಿಬಿದನೂರಿಗೆ ನೇರ ಸುಮಾರು 1,600 ಕಿ.ಮೀ. ವಿಮಾನಕ್ಕೆ ಎರಡು ಗಂಟೆಯಾದರೂ ಬೇಕು. ಪಿ ಅಲೆಗೆ ಮೂರೂವರೆ ನಿಮಿಷ ಸಾಕು. 2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರದ ಹಳ್ಳಿಗಳ ಜನ ಭೂಕಂಪದ ಸದ್ದಿಗೆ ಬೆಚ್ಚಿ ಮನೆಯಿಂದಾಚೆ ಓಡಿಬಂದರಲ್ಲ, ಅಂಥ ಹತ್ತಿರದ ಕಂಪನಕ್ಕೆ ಪಿ, ಎಸ್ ನಡುವೆ ಸಿಗುವುದು ಬರೀ ನಾಲ್ಕೈದು ಸೆಕೆಂಡು.