ಕೊರಳಪಟ್ಟಿ ತೊಟ್ಟ ಹೆಬ್ಬಾತು

ಮಕ್ಕಳೇ, ಗದಗ ಜಿಲ್ಲೆಯಲ್ಲಿ ಮಾಗಡಿ ಎಂಬ ಊರಿದೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಇದು ಬೇರೆ. ಈ ಊರಿನ ಕೆರೆ ಸುಮಾರು 50 ಹೆಕ್ಟೇರ್ ವಿಸ್ತಾರವಾಗಿದೆ. ಮಳೆನೀರು ಹಿಡಿದು ಹೊಲಗಳಿಗೆ ಉಣಿಸಲೆಂದು ಜನರೇ ಕಟ್ಟಿದ ಕೆರೆ ಇದು. ಜನವರಿ ತಿಂಗಳ ಒಂದು ಬೆಳಿಗ್ಗೆ ಕೆಲವು ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಇನ್ನೂ ಮಂಜು ಕರಗಿರಲಿಲ್ಲ. ಹೊಲಗಳ ಕಡೆಯಿಂದ 'ಆಂಕ್ ಆಂಕ್' ಎಂದು ಕೂಗುತ್ತಾ ಸಾಲುಸಾಲಾಗಿ ದೊಡ್ಡ ಹಕ್ಕಿಗಳು ಬಂದು ನೀರಿಗಿಳಿದವು.

ಆಗ ಒಬ್ಬ ಹುಡುಗಿ ಕೇಳಿದಳು: "ಸರ್, ಈ ಹಕ್ಕಿ ನಮ್ಮೂರಿನವೋ, ಬೇರೆ ಊರಿನವೋ?"

ಚಿಕ್ಕ ಪ್ರಶ್ನೆ, ಅಲ್ಲವೇ? ಆದರೆ ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಕಥೆಯನ್ನು ಈಗ ತಿಳಿಯೋಣ.

ಯಾರು ಈ ಅತಿಥಿ?

ಅದು ಪಟ್ಟೆತಲೆ ಹೆಬ್ಬಾತು. ಬೂದು ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು. ತೂಕ ಎರಡರಿಂದ ಮೂರು ಕಿಲೋಗ್ರಾಂ. ಮಂಗೋಲಿಯಾ, ಚೀನಾ, ಟಿಬೆಟ್ ಪ್ರಸ್ಥಭೂಮಿ ಮತ್ತು ನಮ್ಮ ಲಡಾಖ್‌ನ ಎತ್ತರದ ಸರೋವರಗಳ ಬಳಿ ಬೇಸಿಗೆಯಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ಹುಲ್ಲು ಹಿಮದಡಿ ಮುಚ್ಚಿಹೋಗುತ್ತದೆ. ಆಗ ಆಹಾರಕ್ಕಾಗಿ ದಕ್ಷಿಣಕ್ಕೆ ಹೊರಡುತ್ತದೆ. ಹೀಗೆ ಋತುವಿಗೆ ತಕ್ಕಂತೆ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಹೋಗಿ ಮರಳುವುದನ್ನು ವಲಸೆ ಎನ್ನುತ್ತಾರೆ.

ಸರಿ, ನಮ್ಮ ಕೆರೆಯಲ್ಲಿ ಈಜುತ್ತಿರುವ ಹಕ್ಕಿ ಮಂಗೋಲಿಯಾದಿಂದಲೇ ಬಂತೆಂದು ಹೇಳುವುದು ಹೇಗೆ? ಹಕ್ಕಿ ಮಾತಾಡುವುದಿಲ್ಲ. ಅದಕ್ಕೊಂದು ಗುರುತು ಬೇಕು.

ಉಂಗುರದಿಂದ ಆರಂಭ

1899ರಲ್ಲಿ ಡೆನ್ಮಾರ್ಕ್ ದೇಶದ ಮಾರ್ಟೆನ್ಸೆನ್ ಎಂಬ ಶಿಕ್ಷಕರು ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಪ್ರತಿ ಉಂಗುರದ ಮೇಲೂ ಒಂದು ಸಂಖ್ಯೆ ಮತ್ತು ವಿಳಾಸ ಇತ್ತು. ಹಕ್ಕಿ ಬೇರೆಲ್ಲಾದರೂ ಸಿಕ್ಕರೆ ಆ ವಿಳಾಸಕ್ಕೆ ಪತ್ರ ಬರೆದರಾಯಿತು. ನಮ್ಮ ದೇಶದಲ್ಲಿ ಮುಂಬೈನ ಬಿ.ಎನ್.ಎಚ್.ಎಸ್. ಸಂಸ್ಥೆ 1927ರಲ್ಲಿ ಈ ಕೆಲಸ ಆರಂಭಿಸಿತು.

ಇದರಲ್ಲಿ ಕರ್ನಾಟಕದ ಪಾಲೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಇದರ ವೈರಸ್ ರಷ್ಯಾದಲ್ಲಿ ಕಂಡಿದ್ದ ಒಂದು ವೈರಸ್‌ನ ಹತ್ತಿರದ ಬಂಧು. ಹಾಗಾದರೆ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಇದನ್ನು ತಂದವೇ ಎಂಬ ಅನುಮಾನ ಹುಟ್ಟಿತು. ಹಕ್ಕಿಗಳ ದಾರಿ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. 1959ರಿಂದ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕೆಲಸ ನಡೆಯಿತು.

ಆದರೆ ಉಂಗುರಕ್ಕೆ ಒಂದು ಕೊರತೆ ಇದೆ. ಕಾಲಿನ ಉಂಗುರ ಓದಲು ಹಕ್ಕಿ ಮತ್ತೆ ಕೈಗೆ ಸಿಗಬೇಕು. ಹಾಗೆ ಸಿಗುವುದು ಬಹಳ ಅಪರೂಪ.

ದೂರದಿಂದಲೇ ಓದುವ ಪಟ್ಟಿ

ಈ ಕೊರತೆ ನೀಗಿಸಲು ಕೊರಳಪಟ್ಟಿ ಬಂತು. ಇದು ಹಗುರವಾದ ಪ್ಲಾಸ್ಟಿಕ್ ಬಳೆ. ಅದರ ಮೇಲೆ ದಪ್ಪ ಅಕ್ಷರ ಮತ್ತು ಅಂಕಿಗಳಿರುತ್ತವೆ. ದಡದಲ್ಲಿ ನಿಂತು ದುರ್ಬೀನಿನಿಂದಲೇ ಓದಬಹುದು.

ಇದನ್ನು ತೊಡಿಸುವುದು ಹೇಗೆ ಗೊತ್ತೇ? ಬೇಸಿಗೆಯಲ್ಲಿ ಹೆಬ್ಬಾತುಗಳ ರೆಕ್ಕೆಯ ಗರಿಗಳು ಒಟ್ಟಿಗೆ ಉದುರಿ ಹೊಸದು ಬರುತ್ತವೆ. ಆ ಕೆಲವು ವಾರ ಅವು ಹಾರಲಾರವು. ಆಗ ಅವುಗಳನ್ನು ಮೆಲ್ಲನೆ ಅಟ್ಟಿ ಬಲೆಯ ಆವರಣಕ್ಕೆ ಸೇರಿಸಿ, ತೂಕ ನೋಡಿ, ಪಟ್ಟಿ ತೊಡಿಸಿ ಬಿಟ್ಟುಬಿಡುತ್ತಾರೆ. ಮಂಗೋಲಿಯಾದಲ್ಲಿ ಹೀಗೆ ಪಟ್ಟಿ ತೊಟ್ಟ ಹೆಬ್ಬಾತುಗಳನ್ನು ನಮ್ಮ ಮೈಸೂರು ಸುತ್ತಿನ ಕೆರೆಗಳಲ್ಲಿ ಪಕ್ಷಿವೀಕ್ಷಕರು ಕಂಡು ಗುರುತಿಸಿದ್ದಾರೆ. ನಕಾಶೆಯಲ್ಲಿ ನೇರ ಗೆರೆ ಎಳೆದರೂ ಇದು 4,000 ಕಿ.ಮೀ.ಗಿಂತ ಹೆಚ್ಚು ದೂರ!

ಆಕಾಶದಿಂದ ಹಿಂಬಾಲಿಸುವುದು

ಕೊರಳಪಟ್ಟಿ 'ಅಲ್ಲಿತ್ತು, ಇಲ್ಲಿಗೆ ಬಂತು' ಎಂದು ಮಾತ್ರ ಹೇಳುತ್ತದೆ. ನಡುವೆ ಎಲ್ಲೆಲ್ಲಿ ತಂಗಿತು? ಇದನ್ನು ತಿಳಿಯಲು ಹಕ್ಕಿಯ ಬೆನ್ನಿಗೆ ಪುಟ್ಟ ಸಾಧನವೊಂದನ್ನು ಕಟ್ಟುತ್ತಾರೆ. ಅದು ಜಿ.ಪಿ.ಎಸ್. ಉಪಗ್ರಹಗಳ ಸಂಕೇತ ಪಡೆದು ತಾನಿರುವ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕುತ್ತದೆ. ನಂತರ ಬೇರೊಂದು ಉಪಗ್ರಹದ ಮೂಲಕ ವಿಜ್ಞಾನಿಗಳಿಗೆ ಕಳುಹಿಸುತ್ತದೆ. ಕೆಲವು ಸಾಧನಗಳು ಮಾಹಿತಿಯನ್ನು ಕೂಡಿಟ್ಟುಕೊಂಡು, ಮೊಬೈಲ್ ಟವರ್ ಸಿಕ್ಕ ಕೂಡಲೇ ಕಳುಹಿಸುತ್ತವೆ. ಸಣ್ಣ ಸೌರಫಲಕ ಬ್ಯಾಟರಿಗೆ ಶಕ್ತಿ ತುಂಬುತ್ತದೆ.

"ಹಕ್ಕಿಗೆ ಭಾರ ಆಗೋದಿಲ್ವಾ ಸರ್?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಾಮಾನ್ಯವಾಗಿ ಸಾಧನದ ತೂಕ ಹಕ್ಕಿಯ ತೂಕದ ಶೇಕಡಾ 3ನ್ನು ಮೀರಬಾರದು ಎಂದು ನೋಡಿಕೊಳ್ಳುತ್ತಾರೆ. 2 ಕಿಲೋಗ್ರಾಂ ಹಕ್ಕಿಗೆ 60 ಗ್ರಾಂ. 40 ಕಿಲೋಗ್ರಾಂ ತೂಕದ ನಿಮಗೆ ಎಷ್ಟಾಯಿತು? 1,200 ಗ್ರಾಂ. ನಿಮ್ಮ ಶಾಲಾ ಚೀಲವನ್ನು ಒಮ್ಮೆ ತೂಗಿ ನೋಡಿ! ಹಾಗೆಂದು ಇದು ಹಕ್ಕಿಗೆ ಹೊರೆಯೇ ಅಲ್ಲ ಎನ್ನುವಂತಿಲ್ಲ. ಆದ್ದರಿಂದ ಅನುಮತಿ ಪಡೆದ, ತರಬೇತಿ ಪಡೆದ ತಜ್ಞರು ಮಾತ್ರ, ಕೆಲವೇ ಹಕ್ಕಿಗಳಿಗೆ ಇದನ್ನು ಕಟ್ಟುತ್ತಾರೆ.

ಹಿಮಾಲಯ ದಾಟುವ ಗುಟ್ಟು

2005ರಲ್ಲಿ ಚೀನಾದ ಚಿಂಘಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. ಆಗಲೂ ಇವುಗಳ ದಾರಿ ತಿಳಿಯುವ ಅಗತ್ಯ ಬಿತ್ತು. ಮಂಗೋಲಿಯಾದಲ್ಲಿ, ಒಡಿಶಾದ ಚಿಲಿಕಾ ಸರೋವರದಲ್ಲಿ, ತಮಿಳುನಾಡಿನ ಕೂಂತಂಕುಳಂನಲ್ಲಿ ಹೆಬ್ಬಾತುಗಳಿಗೆ ಸಾಧನ ಕಟ್ಟಿದರು. ರೋಗದ ಚಿಂತೆಯಿಂದ ಬೆಳೆದ ಈ ಕೆಲಸ ಅಚ್ಚರಿಯ ಸಂಗತಿಗಳನ್ನು ಹೊರಗೆಡಹಿತು.

ಇವು ಎವರೆಸ್ಟ್ ಶಿಖರದ ಮೇಲೆಯೇ ಹಾರುತ್ತವೆ ಎಂದು ಹಿಂದೆ ಹೇಳುತ್ತಿದ್ದರು. ಸಾಧನಗಳು ಬೇರೆಯೇ ಹೇಳಿದವು. ಹೆಚ್ಚಿನ ಹಾರಾಟ 5,500 ಮೀಟರ್‌ಗಿಂತ ಕೆಳಗೇ ನಡೆಯುತ್ತದೆ. ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಅವು ಕಣಿವೆ ಹಾದಿ ಹಿಡಿದು, ಬೆಟ್ಟ ಬಂದರೆ ಏರಿ, ಇಳಿಜಾರು ಬಂದರೆ ಇಳಿದು ಸಾಗುತ್ತವೆ. ಏಕೆ ಇಳಿಯಬೇಕು? ಮೇಲೇ ಇರಬಹುದಲ್ಲ? ಎತ್ತರದಲ್ಲಿ ಗಾಳಿ ವಿರಳ. ಅಲ್ಲಿ ತೇಲಿ ನಿಲ್ಲಲು ರೆಕ್ಕೆಯನ್ನು ಹೆಚ್ಚು ಬಡಿಯಬೇಕು. ಕೆಳಗಿಳಿದು ಮತ್ತೆ ಏರುವುದೇ ಶಕ್ತಿಯ ಲೆಕ್ಕದಲ್ಲಿ ಲಾಭ ಎಂದು ಹಕ್ಕಿಗಳ ಎದೆಬಡಿತ ಅಳೆದು 2015ರಲ್ಲಿ ತೋರಿಸಿಕೊಟ್ಟರು. ತಂಪಾದ ಗಾಳಿ ಸಾಂದ್ರವಾಗಿರುವುದರಿಂದ ರಾತ್ರಿ ಮತ್ತು ಮುಂಜಾನೆ ಹಾರುವುದನ್ನೇ ಇವು ಹೆಚ್ಚು ಇಷ್ಟಪಡುತ್ತವೆ.

ದಾರಿ ತಿಳಿದರೆ ಏನು ಲಾಭ?

ನೀವು ದೂರದ ಊರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೀರಿ. ದಾರಿಯಲ್ಲಿ ಊಟಕ್ಕೆ ನಿಲ್ಲುವ ಊರೇ ಇಲ್ಲವಾದರೆ? ಹಕ್ಕಿಗೂ ಹಾಗೆಯೇ. ದಾರಿಯ ಒಂದು ಕೆರೆ ಹೂಳು ತುಂಬಿ ಒಣಗಿದರೆ, ಕೊಳಚೆ ಸೇರಿದರೆ, ಒತ್ತುವರಿಯಾದರೆ ಇಡೀ ಪಯಣಕ್ಕೇ ಕುತ್ತು. ಯಾವ ಕೆರೆ ಮುಖ್ಯ ಎಂಬುದನ್ನು ಹಕ್ಕಿಯೇ ತೋರಿಸಿಕೊಟ್ಟಂತಾಯಿತು.

ಇದರ ಜೊತೆಗೆ ಎಣಿಕೆಯೂ ಬೇಕು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳನ್ನು ಉಳಿಸಲು ಒಂದು ಒಪ್ಪಂದವಾಯಿತು. ಒಂದು ಬಗೆಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇಕಡಾ 1ರಷ್ಟು ಒಂದು ತಾಣಕ್ಕೆ ತಪ್ಪದೆ ಬರುತ್ತಿದ್ದರೆ, ಆ ತಾಣ ಜಾಗತಿಕ ಮಹತ್ವದ್ದು ಎಂಬುದು ಅದರ ಒಂದು ಅಳತೆಗೋಲು. ಪಟ್ಟೆತಲೆ ಹೆಬ್ಬಾತುಗಳು ಸುಮಾರು ಒಂದು ಲಕ್ಷ ಇವೆ ಎಂದು ಅಂದಾಜು. ಅದರ ಶೇಕಡಾ 1 ಎಂದರೆ ಒಂದು ಸಾವಿರ. ಮಾಗಡಿ ಕೆರೆ ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಒಂದು. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ರಂಗನತಿಟ್ಟು 2022ರಲ್ಲೇ ಸೇರಿತ್ತು.

ಹೊಲದವರ ಮಾತು

ಅಂದು ಕೆರೆಯ ಏರಿಯ ಮೇಲೆ ಒಬ್ಬ ಅಜ್ಜ ಸಿಕ್ಕಿದ್ದರು. "ನಿಮಗ ಹಕ್ಕಿ ನೋಡೂದು ಸಂತೋಷರೀ ಸರ, ನಮಗ ಪೈರಿನ ಚಿಂತಿ" ಎಂದರು. ಅವರ ಮಾತು ಸುಳ್ಳಲ್ಲ. ಹೆಬ್ಬಾತುಗಳು ಕೆರೆಯಲ್ಲಿ ವಿಶ್ರಮಿಸುತ್ತವೆ, ಆದರೆ ಹೊಟ್ಟೆಗೆ ಹುಲ್ಲು, ಎಳೆ ಪೈರು, ಕಾಳು ಬೇಕು. ಅದಕ್ಕಾಗಿ ಹೊಲಗಳಿಗೆ ಹೋಗುತ್ತವೆ. ಅಂದರೆ ಕೆರೆಯನ್ನು ಮಾತ್ರ ಕಾಪಾಡಿದರೆ ಸಾಲದು. ಹಕ್ಕಿ ಯಾವ ಹೊಲಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ ಹೋಗುತ್ತದೆ ಎಂದು ತಿಳಿದರೆ ನಷ್ಟವನ್ನು ಸರಿಯಾಗಿ ಅಳೆಯಬಹುದು, ಪರಿಹಾರದ ಮಾತಾಡಬಹುದು. ಕೆರೆಯ ಸುತ್ತಲಿನ ಜನ ಮನಸ್ಸು ಮಾಡದೆ ಯಾವ ಹಕ್ಕಿಯೂ ಉಳಿಯದು.

ಮಾಡಿ ನೋಡಿ

1. ಒಂದು ಹಿಡಿ ಕಡಲೆಕಾಳನ್ನು ನೆಲದ ಮೇಲೆ ಚೆಲ್ಲಿ. ಐದು ಸೆಕೆಂಡು ನೋಡಿ ಎಷ್ಟಿವೆ ಎಂದು ಊಹಿಸಿ ಬರೆಯಿರಿ.
2. ಈಗ ಹತ್ತು ಕಾಳು ಎಷ್ಟು ಜಾಗದಲ್ಲಿವೆ ನೋಡಿ. ಅಂತಹ ಎಷ್ಟು ಗುಂಪುಗಳಿವೆ ಎಂದು ಲೆಕ್ಕ ಹಾಕಿ.
3. ಕೊನೆಗೆ ಒಂದೊಂದಾಗಿ ಎಣಿಸಿ. ಯಾವ ಅಂದಾಜು ಸತ್ಯಕ್ಕೆ ಹತ್ತಿರವಾಯಿತು? ಹಕ್ಕಿ ಗಣತಿ ಮಾಡುವವರು ಎರಡನೆಯ ವಿಧಾನವನ್ನೇ ಬಳಸುತ್ತಾರೆ.
4. ಶಿಕ್ಷಕರೊಂದಿಗೆ ನಿಮ್ಮೂರ ಕೆರೆಗೆ ಹೋಗಿ ಇದೇ ರೀತಿ ಹಕ್ಕಿಗಳನ್ನು ಎಣಿಸಿ. ದಿನಾಂಕ, ಸಮಯ, ನೀರಿನ ಮಟ್ಟ ಬರೆದಿಡಿ. ದೊಡ್ಡವರಿಲ್ಲದೆ ನೀರಿನ ಬಳಿ ಹೋಗಬೇಡಿ. ಪಟ್ಟಿ ತೊಟ್ಟ ಹಕ್ಕಿ ಕಂಡರೆ ಅಟ್ಟಿಸಿಕೊಂಡು ಹೋಗದೆ, ಪಟ್ಟಿಯ ಬಣ್ಣ ಮತ್ತು ಅದರ ಮೇಲಿನ ಅಕ್ಷರ, ಅಂಕಿಗಳನ್ನು ಬರೆದುಕೊಂಡು ಶಿಕ್ಷಕರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ. ಸತ್ತ ಅಥವಾ ಕಾಯಿಲೆಯ ಹಕ್ಕಿಯನ್ನು ಮುಟ್ಟಬೇಡಿ.

ಆ ಹುಡುಗಿಯ ಪ್ರಶ್ನೆಗೆ ನಾನು ಅಂದು ಹೇಳಿದ್ದು ಇಷ್ಟೇ: "ಬೇಸಿಗೆಯಲ್ಲಿ ಅವು ಮಂಗೋಲಿಯಾದ ಮಕ್ಕಳ ಹಕ್ಕಿ, ಚಳಿಗಾಲದಲ್ಲಿ ನಿನ್ನ ಹಕ್ಕಿ." ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಈಗ ನೋಡಿಕೊಳ್ಳುವ ಪಾಳಿ ನಮ್ಮದು" ಎಂದಳು. ನಿಮ್ಮೂರ ಕೆರೆಯಲ್ಲಿ ಈ ಚಳಿಗಾಲ ಯಾವ ಹಕ್ಕಿಗಳು ಇಳಿಯುತ್ತವೆ? ನೋಡಿ ಬರೆದಿಡುತ್ತೀರಲ್ಲವೇ?