ದಾಯಶಬ್ದಾರ್ಥವೂ ನ್ಯಾಯಸ್ಥಾನಗಳ ತೀರ್ಪುಗಳೂ

ಶಬ್ದಾರ್ಥವಿಚಾರವು ಪಾಠಶಾಲೆಯ ಜಗಲಿಯಲ್ಲಿಯೇ ಮುಗಿದುಹೋಗತಕ್ಕ ವಿನೋದವೆಂದು ಭಾವಿಸುವವರು ಬಹುಮಂದಿ ಇರುವರು. ಸಮಾಸವನ್ನು ಹೀಗೆ ಬಿಡಿಸಿದರೇನು, ಹಾಗೆ ಬಿಡಿಸಿದರೇನು, ಅದರಿಂದ ಗದ್ದೆಯ ಬದು ಒಂದು ಗೇಣಾದರೂ ಸರಿಯುವುದೆ ಎಂದು ಅವರು ಕೇಳುವುದುಂಟು. ಸರಿಯುವುದು; ಕೆಲವು ವೇಳೆ ಎಕರೆಗಟ್ಟಲೆ ಸರಿಯುವುದು. ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ಬರುವ ನಾಲ್ಕಾರು ಶಬ್ದಗಳನ್ನು ನ್ಯಾಯಸ್ಥಾನಗಳು ಬೇರೆ ಬೇರೆ ಕಾಲಗಳಲ್ಲಿ ಹೇಗೆ ಅರ್ಥೈಸಿದುವು, ಅದರಿಂದ ಹೆಣ್ಣುಮಕ್ಕಳ ಸ್ವತ್ತು ಹೇಗೆ ಕುಗ್ಗಿತು, ಹೇಗೆ ಹಿಗ್ಗಿತು ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ನಾನು ನ್ಯಾಯವಾದಿಯಲ್ಲ, ವ್ಯಾಕರಣ ಧರ್ಮಶಾಸ್ತ್ರಗಳನ್ನು ಗುರುಮುಖದಿಂದ ಓದಿದವನು ಮಾತ್ರ. ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣವಾಯಿತು.

ನಾನಿರುವ ಕಿರುಗಾವಲು ಮಳವಳ್ಳಿ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಬನ್ನೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. (ಕಿರು ಎಂಬುದಕ್ಕೆ ಕಾವಲು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ನಿಂತ ಹೆಸರಿದು. ಕಾವಲೆಂದರೆ ಕಾಯುವಿಕೆಯೂ ಹೌದು, ದನ ಮೇಯುವ ಬಯಲೂ ಹೌದು. ಇಲ್ಲಿ ಯಾವುದು ಗ್ರಾಹ್ಯವೆಂಬ ಚರ್ಚೆ ಬೇರೊಂದು ಲೇಖನಕ್ಕಿರಲಿ.) ನೂರಾರು ದೇಶೀಯ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದ ಜಮೀನೊಂದು ಇಲ್ಲಿರುವುದರಿಂದ ಊರಿನ ಹೆಸರು ದೂರದವರಿಗೂ ತಿಳಿದಿದೆ. ಗದ್ದೆಗೆ ಬೆಲೆ ಬಂದಂತೆಲ್ಲ ಪಾಲಿನ ವ್ಯಾಜ್ಯಗಳೂ ಹೆಚ್ಚಿದುವು. ಹಳೆಯ ಪಾಲುಪಾರೀಖತ್ತುಗಳ ಮೋಡಿಯಕ್ಷರವನ್ನು ಓದಿ ಅರ್ಥ ಹೇಳಿರೆಂದು ಜನರು ನನ್ನ ಬಳಿಗೆ ಬರುವುದು ವಾಡಿಕೆ.

2017ರಲ್ಲಿ ಹಾಗೆ ಬಂದವಳು ಐವತ್ತರ ಹತ್ತಿರದ ಒಬ್ಬ ಗೃಹಿಣಿ. ಈ ಊರಿನ ಮಗಳು. 1988ರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದವಳು. ತಂದೆ 1999ರಲ್ಲಿ ತೀರಿಕೊಂಡಿದ್ದನು, ಆಸ್ತಿ ಪಾಲಾಗಿರಲಿಲ್ಲ. ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕೆಂದು ಕೇಳಿದ್ದರು. “ಅಯ್ನೋರೇ, ಅಪ್ಪನ ಆಸ್ತೀಲಿ ನಂಗೇನಾರ ಐತಾ? ಇದ್ರೂ ನಾನು ಕೇಳಾಕಿಲ್ಲ. ಐತೋ ಇಲ್ವೋ, ಅಷ್ಟು ಹೇಳಿ” ಎಂದಳು. ಆಗ ನಡೆಯುತ್ತಿದ್ದ ತೀರ್ಪನ್ನು ನಾನು ಪತ್ರಿಕೆಗಳಲ್ಲಿ ಓದಿ ತಿಳಿದಿದ್ದೆನು. ಇಲ್ಲವೆಂದೆನು. ಅವಳು ಮಳವಳ್ಳಿಗೆ ಹೋಗಿ ಸಹಿ ಹಾಕಿಕೊಟ್ಟಳು. ನಾನು ಹೇಳಿದುದು ಅಂದಿನ ತೀರ್ಪಿಗೆ ಸರಿಯಾಗಿತ್ತು. ನಾನೇ ಹತ್ತು ಸಲ ಪಾಠ ಹೇಳಿದ್ದ ಗ್ರಂಥಕ್ಕೆ ಸರಿಯಾಗಿರಲಿಲ್ಲ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಕಲ್ಯಾಣದವರೆಗೆ ಹೋಗಬೇಕು.

ಕಲ್ಯಾಣಿಯ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರೆ. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಬಂಗಾಳ ಅಸ್ಸಾಮುಗಳನ್ನುಳಿದು ಭರತಖಂಡದ ಬಹುಭಾಗಕ್ಕೆ ಪ್ರಮಾಣವಾಯಿತು. ವಾರನ್ ಹೇಸ್ಟಿಂಗ್ಸನು 1772ರಲ್ಲಿ ಮಾಡಿದ ಏರ್ಪಾಡಿನಂತೆ ಹಿಂದುಗಳ ದಾಯವಿವಾದಗಳು ಶಾಸ್ತ್ರಾನುಸಾರ ತೀರ್ಮಾನವಾಗಬೇಕಾಗಿದ್ದುದರಿಂದ ನ್ಯಾಯಸ್ಥಾನಗಳಿಗೆ ಪಂಡಿತರು ನಿಯಮಿತರಾದರು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಪ್ರಕರಣವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ಪರಿವರ್ತಿಸಿದನು. 1864ರಲ್ಲಿ ಪಂಡಿತರ ಹುದ್ದೆಗಳು ರದ್ದಾದುವು. ಅಲ್ಲಿಂದ ಮುಂದೆ ಭಾಷಾಂತರವೂ ಹಿಂದಿನ ತೀರ್ಪುಗಳೂ ಉಳಿದುವು. ಮೂಲವನ್ನು ಎದುರಿಗಿಟ್ಟುಕೊಂಡು ಅನ್ವಯ ಹೇಳುವವರು ಉಳಿಯಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ; ಆ ಪಂಡಿತರಲ್ಲಿ ಬೇಕಾದವರಿಗೆ ಬೇಕಾದ ಅರ್ಥ ಬರೆದುಕೊಡುವವರೂ ಇದ್ದರೆಂಬ ದೂರು ಆ ಕಾಲದಲ್ಲಿಯೇ ಇತ್ತು.

ದಾಯಪ್ರಕರಣದ ಮೊದಲಿನಲ್ಲಿ ವಿಜ್ಞಾನೇಶ್ವರನು ಒಂದು ಮೂಲಪ್ರಶ್ನೆಯನ್ನು ಎತ್ತುತ್ತಾನೆ: ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವುದೋ, ಲೋಕದಿಂದಲೇ ಸಿದ್ಧವಾದುದೋ? ಲೋಕಸಿದ್ಧವೆಂದೇ ಅವನ ನಿರ್ಣಯ. ಅದಕ್ಕೆ ಅವನು ಕೊಡುವ ದೃಷ್ಟಾಂತವು ವ್ರೀಹಿ, ಎಂದರೆ ಭತ್ತ; ಭತ್ತವು ಹೇಗೆ ಲೋಕದ ಪ್ರಯೋಜನವನ್ನು ಸಾಧಿಸುವ ಲೌಕಿಕವಸ್ತುವೋ ಹಾಗೆಯೇ ಸ್ವತ್ವವೂ. ಶಾಸ್ತ್ರವನ್ನೇ ಕಾಣದ ಗಡಿನಾಡಿನ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತವೆ, ಅಲ್ಲಿಯೂ ನನ್ನದು ನಿನ್ನದು ಎಂಬ ವ್ಯವಹಾರವಿದೆ ಎಂದು ಅವನು ತೋರಿಸುತ್ತಾನೆ. ಭತ್ತದ ಊರಿನಲ್ಲಿ ಕುಳಿತು ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಸಂತೋಷವಾಗುವುದುಂಟು.

ಈ ನಿರ್ಣಯದ ಮೇಲೆ ನಿಂತುದು ಜನ್ಮಸ್ವತ್ವವಾದ. ಸ್ವಾಮಿಯೊಡನೆ ಇರುವ ಸಂಬಂಧಮಾತ್ರದಿಂದ ಇನ್ನೊಬ್ಬನಿಗೆ ಸ್ವತ್ತಾಗುವ ದ್ರವ್ಯವು ದಾಯ. ಅದು ಎರಡು ಬಗೆ. ಪಿತೃಪಿತಾಮಹರ ಸ್ವತ್ತಿನಲ್ಲಿ ಪುತ್ರಪೌತ್ರರಿಗೆ ಹುಟ್ಟಿನಿಂದಲೇ ಹಕ್ಕು ಬರುವುದು, ತಡೆಯುವುದಕ್ಕೆ ಏನೂ ಇಲ್ಲ; ಆದುದರಿಂದ ಅದು ಅಪ್ರತಿಬಂಧದಾಯ. ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು ಮುಂತಾದವರಿಗೆ ಹಕ್ಕು ಬರಬೇಕಾದರೆ ಸ್ವಾಮಿಯೂ ಇಲ್ಲವಾಗಬೇಕು, ಅವನಿಗೆ ಮಕ್ಕಳೂ ಇರಬಾರದು. ಸ್ವಾಮಿ ಬದುಕಿರುವುದೇ ಅಲ್ಲಿ ತಡೆ. ಆದುದರಿಂದ ಅದು ಸಪ್ರತಿಬಂಧದಾಯ. ಜೀಮೂತವಾಹನನಾದರೋ ಸ್ವಾಮಿಯ ಉಪರಮದಿಂದಲೇ ಸ್ವತ್ವವು ಹುಟ್ಟುವುದೆಂದು ವಾದಿಸಿದನು. ಮಿತಾಕ್ಷರೆಗೂ ದಾಯಭಾಗಕ್ಕೂ ಇರುವ ಮುಖ್ಯಭೇದವು ಇದೇ: ಒಂದರಲ್ಲಿ ಹಕ್ಕು ಜನ್ಮಕ್ಕೆ ಅಂಟಿದುದು, ಇನ್ನೊಂದರಲ್ಲಿ ಮರಣಕ್ಕೆ. ಕನ್ನಡದ ‘ದಾಯಾದಿ’ ಎಂಬ ಮಾತು ದಾಯವನ್ನು ಪಡೆಯುವವನೆಂಬ ಅರ್ಥದ ‘ದಾಯಾದ’ದಿಂದ ಬಂದುದು, ಹಗೆಯೆಂಬ ಛಾಯೆಯು ಅದಕ್ಕೆ ಅನುಭವದಿಂದ ಸೇರಿದುದಿರಬೇಕು.

ವ್ಯಾಕರಣವು ಆಸ್ತಿಯನ್ನು ನಿರ್ಣಯಿಸಿದುದಕ್ಕೆ ಸೊಗಸಾದ ಉದಾಹರಣೆಯೊಂದಿದೆ. ಮಕ್ಕಳಿಲ್ಲದೆ ಸತ್ತವನ ಸ್ವತ್ತು ಯಾರು ಯಾರಿಗೆ ಎಂಬ ಕ್ರಮದಲ್ಲಿ ಯಾಜ್ಞವಲ್ಕ್ಯನು ಹೆಂಡತಿ, ಹೆಣ್ಣುಮಕ್ಕಳು ಇವರಾದ ಮೇಲೆ ‘ಪಿತರೌ’ ಎಂಬ ಪದವನ್ನಿಟ್ಟನು. ಇದು ಏಕಶೇಷ, ತಾಯಿತಂದೆಗಳಿಬ್ಬರನ್ನೂ ಹೇಳುವುದು. ಇಬ್ಬರಲ್ಲಿ ಮೊದಲು ಯಾರು? ವಿಗ್ರಹವಾಕ್ಯದಲ್ಲಿ ಮಾತೃಶಬ್ದವು ಮೊದಲು ಬರುವುದರಿಂದ ತಾಯಿಯೇ ಮೊದಲೆಂದು ವಿಜ್ಞಾನೇಶ್ವರನು ಹೇಳಿದನು. ವ್ಯವಹಾರಮಯೂಖಕಾರನು ಒಪ್ಪದೆ ತಂದೆಯನ್ನು ಮುಂದೆ ಮಾಡಿದನು. ನ್ಯಾಯಸ್ಥಾನಗಳು ಮಯೂಖವು ಪ್ರಬಲವಾದ ಸೀಮೆಗಳಲ್ಲಿ ತಂದೆಗೂ, ಮಿತಾಕ್ಷರೆಯು ಪ್ರಬಲವಾದ ಕಡೆ ತಾಯಿಗೂ ಸ್ವತ್ತನ್ನು ಕೊಟ್ಟುವು. 1956ರ ಹಿಂದೂ ಉತ್ತರಾಧಿಕಾರ ಶಾಸನದಲ್ಲಿಯೂ ತಾಯಿ ಮೊದಲನೆಯ ವರ್ಗದ ವಾರಸುದಾರಳು, ತಂದೆ ಎರಡನೆಯ ವರ್ಗದವನು. ಒಂದು ಏಕಶೇಷದ ಬಿಡಿಸುವಿಕೆಯು ಇಷ್ಟು ದೂರ ಬಂದಿದೆ.

ಆದರೆ ಸ್ತ್ರೀಧನಶಬ್ದದಲ್ಲಿ ನ್ಯಾಯಸ್ಥಾನಗಳು ವಿಜ್ಞಾನೇಶ್ವರನನ್ನು ಬಿಟ್ಟುಕೊಟ್ಟುವು. ಈ ಶಬ್ದವು ಪಾರಿಭಾಷಿಕವೋ ಯೌಗಿಕವೋ ಎಂಬುದು ವಿವಾದ. ಮದುವೆಯಲ್ಲಿ ಬಂದ ಒಡವೆ, ತವರಿನ ಉಡುಗೊರೆ ಮುಂತಾಗಿ ಸ್ಮೃತಿಕಾರರು ಎಣಿಸಿದುದಷ್ಟೇ ಸ್ತ್ರೀಧನವೆಂದರೆ ಪಾರಿಭಾಷಿಕಾರ್ಥ. ಸ್ತ್ರೀಯ ಧನವೆಲ್ಲವೂ ಸ್ತ್ರೀಧನವೆಂದರೆ ಯೌಗಿಕಾರ್ಥ. ಯೋಗವು ಸಂಭವಿಸುವಾಗ ಪರಿಭಾಷೆಯನ್ನು ಕಲ್ಪಿಸುವುದು ಯುಕ್ತವಲ್ಲವೆಂದು ವಿಜ್ಞಾನೇಶ್ವರನು ಸ್ಪಷ್ಟವಾಗಿ ಯೌಗಿಕಾರ್ಥವನ್ನೇ ಹಿಡಿದು, ವಾರಸಿಕೆ, ಕ್ರಯ, ವಿಭಾಗ ಇವುಗಳಿಂದ ಬಂದುದನ್ನೂ ಅದರಲ್ಲಿ ಸೇರಿಸಿದನು. ಪ್ರೀವಿ ಕೌನ್ಸಿಲು 1867ರಲ್ಲಿ ಭಗವಾನ್‌ದೀನ್ ದುಬೆ ಎಂಬ ವ್ಯಾಜ್ಯದಲ್ಲಿ ಗಂಡನಿಂದ ವಾರಸಿಕೆಯಾಗಿ ಬಂದುದು ಸ್ತ್ರೀಧನವಲ್ಲವೆಂದು ಹೇಳಿತು. 1903ರಲ್ಲಿ ಶಿವಶಂಕರಲಾಲ ಎಂಬ ವ್ಯಾಜ್ಯದಲ್ಲಿ, ಹೆಣ್ಣಿನಿಂದ ಹೆಣ್ಣಿಗೆ ವಾರಸಿಕೆಯಾಗಿ ಬಂದುದೂ ಅಲ್ಲವೆಂದಿತು. ಫಲವೇನೆಂದರೆ, ಅವಳು ಬದುಕಿರುವ ತನಕ ಉಣ್ಣಬಹುದು. ಅವಳು ತೀರಿದ ಮೇಲೆ ಸ್ವತ್ತು ಅವಳ ವಾರಸುದಾರರಿಗಲ್ಲ, ಹಿಂದಿನ ಸ್ವಾಮಿಯ ವಾರಸುದಾರರಿಗೆ ಹೋಗುವುದು. ಬೊಂಬಾಯಿ ಪ್ರಾಂತದಲ್ಲಿ ಮಾತ್ರ ತಂದೆಯಿಂದ ಮಗಳಿಗೆ ಬಂದುದು ಪೂರ್ಣಸ್ವತ್ತಾಗಿಯೇ ಉಳಿಯಿತು. ಹೀಗಾಗಿ ಒಂದೇ ಭಾಷೆಯಾಡುವ, ಒಂದೇ ಗ್ರಂಥಕ್ಕೆ ಒಳಪಟ್ಟ ಇಬ್ಬರಲ್ಲಿ ಧಾರವಾಡದ ಮಗಳು ಪೂರ್ಣಸ್ವಾಮಿನಿ, ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ಮಗಳು ಯಾವಜ್ಜೀವ ಭೋಕ್ತ್ರಿ! ಗ್ರಂಥವು ಬದಲಾಗಿರಲಿಲ್ಲ, ಓದುವವರು ಬದಲಾಗಿದ್ದರು.

ಇದೇ ಗತಿ ತುರೀಯಾಂಶಕ್ಕೂ ಆಯಿತು. ಮದುವೆಯಾಗದ ತಂಗಿಯರಿಗೆ ಅಣ್ಣಂದಿರು ತಮ್ಮ ಅಂಶದ ಕಾಲುಭಾಗವನ್ನು ಕೊಟ್ಟು ಸಂಸ್ಕಾರ ಮಾಡಬೇಕೆಂದು ಸ್ಮೃತಿ. ಇದರ ತಾತ್ಪರ್ಯವು ಮದುವೆಯ ಖರ್ಚಿಗಾಗುವಷ್ಟು ದ್ರವ್ಯವೆಂದು ಭಾರುಚಿಯ ಮತ. ವಿಜ್ಞಾನೇಶ್ವರನು ಅದನ್ನು ತಳ್ಳಿಹಾಕಿ, ಅಸಹಾಯ ಮೇಧಾತಿಥಿಗಳ ಪಕ್ಷವನ್ನು ಹಿಡಿದು, ತಂದೆಯ ತರುವಾಯ ಕನ್ಯೆಯೂ ಅಂಶಭಾಗಿನಿಯೇ ಎಂದನು. ಲೆಕ್ಕವನ್ನೂ ಹಾಕಿ ತೋರಿಸಿದನು: ಒಬ್ಬ ಮಗ, ಒಬ್ಬ ಮಗಳಿದ್ದರೆ ಸ್ವತ್ತನ್ನು ಎರಡು ಮಾಡಿ, ಒಂದು ಪಾಲನ್ನು ನಾಲ್ಕು ಮಾಡಿ, ಅದರಲ್ಲೊಂದು ಮಗಳಿಗೆ. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಎಂಟೆಕರೆ ಗದ್ದೆಯಲ್ಲಿ ಒಂದೆಕರೆ. ಸಮಪಾಲಲ್ಲ, ನಿಜ; ಆದರೆ ದಯೆಯೂ ಅಲ್ಲ, ಅಂಶ. ವ್ಯವಹಾರದಲ್ಲಿ ಉಳಿದುದು ಭಾರುಚಿಯ ಮತವೇ. ಹೆಣ್ಣಿಗೆ ಮದುವೆಯ ಖರ್ಚು, ಹೆಚ್ಚೆಂದರೆ ಅರಿಸಿನಕುಂಕುಮಕ್ಕೆಂದು ಒಂದಿಷ್ಟು ಭೂಮಿ. ಅನಂತರ ವರ್ಷಕ್ಕೊಮ್ಮೆ ಗೌರಿಹಬ್ಬದ ಬಾಗಿನ. ಪಾಲು ಕೇಳಿದರೆ ಬಾಗಿನ ನಿಲ್ಲುವುದೆಂಬ ಅಂಜಿಕೆ ಈ ಸೀಮೆಯಲ್ಲಿ ಈಗಲೂ ಇದೆ. ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಗ್ರಂಥವಚನಕ್ಕಿಂತ ಬಲವತ್ತರವೆಂದು ಪ್ರೀವಿ ಕೌನ್ಸಿಲು 1868ರಲ್ಲಿ ರಾಮನಾಥಪುರದ ದತ್ತಕದ ವ್ಯಾಜ್ಯದಲ್ಲಿ ಹೇಳಿದ್ದುಂಟು. ಆದರೆ ಅಂಜಿಕೆಯನ್ನು ರೂಢಿಯೆಂದು ಎಣಿಸಬಹುದೆ?

ತುರೀಯಾಂಶಕ್ಕೆ ಮರಳಿ ಜೀವ ಬಂದುದು ಮೈಸೂರಿನಲ್ಲಿ. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಸ್ತ್ರೀಧನಶಬ್ದಕ್ಕೆ ಅಗಲವಾದ ಲಕ್ಷಣವನ್ನು ಕೊಟ್ಟಿತು. ಪಾಲಾಗುವಾಗ ವಿಧವೆಗೂ ತಾಯಿಗೂ ಅಂಶವನ್ನು ವಿಧಿಸಿತು. ಮದುವೆಯಾಗದ ಮಗಳಿಗೆ ಅಥವಾ ಸೋದರಿಗೆ ಅಣ್ಣತಮ್ಮಂದಿರ ಅಂಶದ ಕಾಲುಭಾಗವನ್ನು ಗೊತ್ತುಮಾಡಿತು. ಮುಂದೆ 1956ರ ಶಾಸನದ ಹದಿನಾಲ್ಕನೆಯ ಕಲಮು ಹೆಂಗಸಿನ ಪರಿಮಿತಸ್ವತ್ತನ್ನೆಲ್ಲ ಪೂರ್ಣಸ್ವತ್ತನ್ನಾಗಿ ಮಾಡಿತು. ಯೌಗಿಕಾರ್ಥವು ತೊಂಬತ್ತು ವರ್ಷಗಳಾಗುತ್ತ ಬಂದ ಮೇಲೆ ಗೆದ್ದಿತು. ಆದರೂ ಹುಟ್ಟಿನಿಂದ ಬರುವ ಅಪ್ರತಿಬಂಧದಾಯವು ಗಂಡುಮಕ್ಕಳದಾಗಿಯೇ ನಿಂತಿತು. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಮಗಳನ್ನೂ ಜನ್ಮದಿಂದ ಸಹದಾಯಾದಿಯನ್ನಾಗಿ ಮಾಡಿತಾದರೂ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಬಳಿಗೆ ಬಂದವಳು ಅಲ್ಲಿ ಹೊರಗಾದಳು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದು, ಮಗನಂತೆಯೇ ಮಗಳಿಗೂ ಜನ್ಮಸ್ವತ್ವವೆಂದಿತು.

ಇಲ್ಲಿ ಹುಟ್ಟಿದ ಸಂಶಯವೇ ನಮಗೆ ಮುಖ್ಯ. ಕರ್ನಾಟಕದಿಂದಲೇ ಮೇಲೆ ಹೋದ ‘ಪ್ರಕಾಶ ವಿರುದ್ಧ ಫೂಲವತಿ’ ಎಂಬ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2015ರ ಅಕ್ಟೋಬರಿನಲ್ಲಿ, ಮಗಳಿಗೆ ಈ ಹಕ್ಕು ಸಲ್ಲಬೇಕಾದರೆ 2005ರ ಆ ದಿನದಂದು ತಂದೆಯೂ ಬದುಕಿರಬೇಕೆಂದು ತೀರ್ಮಾನಿಸಿತು. ನಾನು ಹೇಳಿದುದು ಇದನ್ನು ನಂಬಿ. 2018ರ ಫೆಬ್ರುವರಿಯಲ್ಲಿ, ಇದೂ ಕರ್ನಾಟಕದ್ದೇ ಆದ ‘ದಾನಮ್ಮ ವಿರುದ್ಧ ಅಮರ್’ ಎಂಬ ವ್ಯಾಜ್ಯದಲ್ಲಿ, ತಂದೆ 2001ರಲ್ಲಿಯೇ ಗತಿಸಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡು ತೀರ್ಪುಗಳೂ ಇಬ್ಬಿಬ್ಬರು ನ್ಯಾಯಾಧೀಶರವು, ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ‘ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ’ ಎಂಬ ವ್ಯಾಜ್ಯದಲ್ಲಿ ಮೂವರು ನ್ಯಾಯಾಧೀಶರ ಪೀಠವು 2020ರ ಆಗಸ್ಟ್ 11ರಂದು ಸಂಶಯವನ್ನು ಪರಿಹರಿಸಿತು. ನ್ಯಾಯಮೂರ್ತಿ ಅರುಣ್ ಮಿಶ್ರರು ಬರೆದ ಆ ತೀರ್ಪಿನ ನಡುಮಧ್ಯದಲ್ಲಿ ನಮ್ಮ ವಿಜ್ಞಾನೇಶ್ವರನ ಭೇದವೇ ಇದೆ. ಸಹದಾಯಾದಿಯ ಹಕ್ಕು ಅಪ್ರತಿಬಂಧದಾಯ. ಅದು ಜನ್ಮದಿಂದ ಬಂದುದು. ಆದಕಾರಣ ತಂದೆ ಅಂದು ಬದುಕಿದ್ದನೇ ಇಲ್ಲವೇ ಎಂಬುದು ಅಪ್ರಸ್ತುತ.

ವಿಜ್ಞಾನೇಶ್ವರನು ಮಗಳನ್ನು ಅಪ್ರತಿಬಂಧದಾಯದಲ್ಲಿ ಸೇರಿಸಿದ್ದನೆಂದು ನಾನು ವಾದಿಸುತ್ತಿಲ್ಲ. ಅವನು ಹೇಳಿದುದು ಪುತ್ರಪೌತ್ರರನ್ನು; ಮಗಳನ್ನು ಸೇರಿಸಿದುದು ಶಾಸನ. ಆದರೆ ಒಮ್ಮೆ ಸೇರಿಸಿದ ಮೇಲೆ ಶಬ್ದದ ಧರ್ಮವೆಲ್ಲವೂ ಅವಳಿಗೆ ಬರಬೇಕಷ್ಟೆ. ಜನ್ಮದಿಂದ ಹಕ್ಕೆಂದು ಹೇಳಿ, ತಂದೆಯ ಇರವನ್ನು ಅದಕ್ಕೆ ನಿಬಂಧನೆಯಾಗಿ ಹೂಡಿದರೆ, ಜನ್ಮಕ್ಕೆ ಅಂಟಿದುದನ್ನು ಮತ್ತೆ ಮರಣಕ್ಕೆ ಅಂಟಿಸಿದಂತಾಗುವುದು. 2015ರ ತೀರ್ಪಿನಲ್ಲಿ ಆದುದು ಇದೇ. ವಿದ್ಯಾರ್ಥಿಯಾಗಿದ್ದಾಗ ಯಾರಾದರೂ ಹೀಗೆ ಹೇಳಿದ್ದರೆ ನಮ್ಮ ಗುರುಗಳು ಪಂಕ್ತಿಯನ್ನು ಮತ್ತೆ ಓದಿಸುತ್ತಿದ್ದರು. 2017ರಲ್ಲಿ ನಾನು ಓದಿಕೊಳ್ಳಲಿಲ್ಲ.

ಮೇಲಿನ ತೀರ್ಪು ಎಲ್ಲ ಹಳೆಯ ಪಾಲುಗಳನ್ನೂ ಕೆದಕಲಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದಿಂದಲೋ ನ್ಯಾಯಸ್ಥಾನದ ಡಿಕ್ರಿಯಿಂದಲೋ ಆದ ಪಾಲು ನಿಲ್ಲುವುದು. ಬರಿಯ ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪುವಂತಿಲ್ಲ. ಹಕ್ಕಿದ್ದವರು ಹಕ್ಕಿಲ್ಲವೆಂದು ತಿಳಿದು ತಾವಾಗಿಯೇ ಸಹಿ ಮಾಡಿಕೊಟ್ಟ ಬಿಡುಗಡೆ ಪತ್ರದ ಬಲಾಬಲವು ವಕೀಲರ ವಿಷಯ.

ಆ ವರ್ಷದ ಗೌರಿಹಬ್ಬವು ತೀರ್ಪು ಬಂದ ಹತ್ತು ದಿನಕ್ಕೆ ಬಂದಿತು. ಹಬ್ಬ ಕಳೆದ ಮೇಲೆ ಅವಳು ಊರಿಗೆ ಬಂದಿದ್ದಾಗ ನಾನೇ ಅವಳನ್ನು ಕರೆಸಿ, ಅಂದು ನಾನು ಹೇಳಿದುದು ನಿಲ್ಲಲಿಲ್ಲವೆಂದೂ, ನಿನ್ನ ಹಕ್ಕು ಹುಟ್ಟಿದಾಗಿನಿಂದ ಇದ್ದಂತೆಯೇ ಎಂದು ಈಗ ತೀರ್ಪಾಗಿದೆಯೆಂದೂ, ಬೇಕಾದರೆ ಮಳವಳ್ಳಿಯಲ್ಲಿ ವಕೀಲರನ್ನು ಕಾಣಬಹುದೆಂದೂ ತಿಳಿಸಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಣ್ಣಂದಿರು ಬಾಗಿನ ಕೊಟ್ಟರೆಂದಳು. ಆಮೇಲೆ, “ಹಂಗಾರೆ ಆವತ್ತೂ ಇತ್ತು ಅನ್ನಿ” ಎಂದಳು. ಇತ್ತು ಎಂದೆನು.