ಗಣಕಯಂತ್ರದ ಪಂಚಾಂಗ

ಕ್ರಿ.ಶ. 1076ರಲ್ಲಿ ಪಟ್ಟಕ್ಕೆ ಬಂದ ಕಲ್ಯಾಣದ ಚಾಲುಕ್ಯ ಅರಸು ಆರನೆಯ ವಿಕ್ರಮಾದಿತ್ಯನು ಶಕವರ್ಷದ ಎಣಿಕೆಯನ್ನು ಬದಿಗಿರಿಸಿ ತನ್ನ ಹೆಸರಿನದೇ ಒಂದು ಎಣಿಕೆಯನ್ನು ಆರಂಭಿಸಿದನು. ಹಾನಗಲ್ಲು ಸೀಮೆಯ ಶಾಸನಗಳಲ್ಲಿ ಕಾಣುವ ಚಾಲುಕ್ಯ ವಿಕ್ರಮವರ್ಷವೆಂದರೆ ಇದೇ. ಅದರ ಮೊದಲ ವರ್ಷ ನಳ ಸಂವತ್ಸರ. ಆದರೆ ಕಲ್ಲಿನ ಮೇಲೆ ಬರಿಯ ‘ನಳ ಸಂವತ್ಸರ’ ಎಂದಷ್ಟೇ ಉಳಿದಿದ್ದರೆ, ಅದು ಯಾವ ನಳ? ಅರವತ್ತು ವರ್ಷಗಳಿಗೊಮ್ಮೆ ಅದು ಮರಳುತ್ತದೆ, 1976ರಲ್ಲಿಯೂ ಬಂದಿತ್ತು. ಎಣಿಕೆಯ ಮೊದಲು ತಿಳಿಯದೆ ಕಾಲ ತಿಳಿಯದು.

ಗಣಕಯಂತ್ರಕ್ಕೂ ಇಂಥದೊಂದು ಶಕೆಯುಂಟು. ಯೂನಿಕ್ಸ್ ಎಂಬ ವ್ಯವಸ್ಥೆ ಗ್ರೀನಿಚ್ ಕಾಲಮಾನದ 1970ರ ಜನವರಿ 1ರ ಮೊದಲ ಕ್ಷಣದಿಂದ ಸೆಕೆಂಡುಗಳನ್ನು ಎಣಿಸುತ್ತ ಹೋಗುತ್ತದೆ. ನಮ್ಮ ಲೆಕ್ಕಕ್ಕೆ ಅದು ಸೌಮ್ಯ ಸಂವತ್ಸರ. ಅಲ್ಲಿ ಮಾಸವಿಲ್ಲ, ಪಕ್ಷವಿಲ್ಲ, ತಿಥಿಯಿಲ್ಲ. ಇರುವುದು ಒಂದೇ ಒಂದು ಸಂಖ್ಯೆ. ಹಳೆಯ ಯಂತ್ರಗಳಲ್ಲಿ ಆ ಸಂಖ್ಯೆಗೆ 32 ಮನೆಗಳು ಮಾತ್ರ. 2038ರ ಜನವರಿ 19ರಂದು, ನಮ್ಮ ಗಡಿಯಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ತೋರಿಸುವಾಗ, ಆ ಮನೆಗಳು ತುಂಬುತ್ತವೆ. ಮರುಕ್ಷಣ ಅಂಥ ಯಂತ್ರ 1901ಕ್ಕೆ ಹಿಂದೆ ಜಾರುತ್ತದೆ. ಸಂವತ್ಸರ ಚಕ್ರದ ತಮ್ಮನೇ ಸರಿ! 64 ಮನೆಗಳ ಹೊಸ ವ್ಯವಸ್ಥೆಗೆ ಈ ಭಯವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ತಡಸದ ಕಡೆಯ ಹಿರಿಯರನ್ನು ಹುಟ್ಟಿದ ದಿನ ಕೇಳಿದರೆ, ‘ಕಾರಹುಣ್ಣಿವಿ ಮರುದಿನ, ನಸುಕಿನಾಗ’ ಎಂಬಂಥ ಉತ್ತರ ದೊರೆತೀತು. ಸೂರ್ಯೋದಯದಿಂದ ದಿನವನ್ನೆಣಿಸುವ ಪಂಚಾಂಗಕ್ಕೆ ನಸುಕಿನ ಮೂರು ಗಂಟೆ ಇನ್ನೂ ನಿನ್ನೆಯೇ. ಗಡಿಯಾರಕ್ಕೆ ಅದು ಇಂದು. ಶಾಲೆಯ ಮಾಸ್ತರರು ಈ ಗೊಡವೆಗೆ ಹೋಗದೆ ಅಂದಾಜಿನಿಂದ ಜೂನ್ 1 ಎಂದು ಬರೆದುಕೊಂಡರು. ಹೀಗೆ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರ ಒಂದು ತಲೆಮಾರೇ ನಿರ್ಮಾಣವಾಯಿತು.

ಆ ಜೂನ್ 1ನ್ನು ಯಂತ್ರಕ್ಕೆ ಊಡುವಾಗ, ಕ್ರಮವಿಧಿ ಬರೆಯುವವನು ಅದನ್ನು ಆ ದಿನದ ಮಧ್ಯರಾತ್ರಿಯ ಒಂದು ಕ್ಷಣವೆಂದು ಭಾವಿಸಿ ಸೆಕೆಂಡುಗಳಿಗಿಳಿಸಿದನೆನ್ನಿ. ನಮ್ಮ ಗಡಿಯಾರ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು. ಇಲ್ಲಿ ಜೂನ್ 1 ಕಾಲಿಟ್ಟಾಗ ಅಲ್ಲಿ ಮೇ 31ರ ಸಂಜೆ ಆರೂವರೆ. ಆ ಸಂಖ್ಯೆಯನ್ನು ಗ್ರೀನಿಚ್ ಕಾಲಮಾನದಲ್ಲೇ ಓದಿದ ಇನ್ನೊಂದು ಯಂತ್ರ ‘ಮೇ 31’ ಎಂದು ಅಚ್ಚುಹಾಕುತ್ತದೆ. ಅದರ ಎಣಿಕೆಯಲ್ಲಿ ತಪ್ಪಿಲ್ಲ. ದಿನವನ್ನು ಕ್ಷಣವೆಂದು ಬಗೆದದ್ದೇ ತಪ್ಪು. ಶಾಲೆಯ ದಾಖಲೆಯಲ್ಲೊಂದು, ಕಚೇರಿಯ ದಾಖಲೆಯಲ್ಲೊಂದು ದಿನವಾದರೆ ಅಲೆಯಬೇಕಾದವನು ಹಳ್ಳಿಯವನೇ. (ಈ ಭಾರತೀಯ ಕಾಲಮಾನವೂ 1906ರಲ್ಲಿ ಬಂದದ್ದು, ಅದರ ಪ್ರಕಾರ ಹೊತ್ತು ನೆತ್ತಿಗೇರುವುದು ತಡಸದಲ್ಲಿ ಸರಾಸರಿ ಅರ್ಧ ಗಂಟೆ ತಡ!)

ಬಲ್ಲವರು ಎರಡನ್ನೂ ಬೇರೆಯಾಗಿರಿಸುತ್ತಾರೆ. ಹಣ ಸಂದಾಯವಾದದ್ದು, ತಂತಿ ತಲುಪಿದ್ದು ಇವು ಕ್ಷಣಗಳು. ಗ್ರೀನಿಚ್ ಎಣಿಕೆಯಲ್ಲಿಟ್ಟು, ತೋರಿಸುವಾಗ ಊರಿನ ಕಾಲಕ್ಕೆ ತಿರುಗಿಸಬೇಕು. ಜನ್ಮದಿನ ಹಾಗಲ್ಲ. ಅದಕ್ಕೆ ವರ್ಷ, ತಿಂಗಳು, ತಾರೀಖು ಎಂಬ ಮೂರು ಅಂಕಣಗಳು ಸಾಕು. ಗಂಟೆಯ ಸೋಂಕು ಕೂಡದು.

ಆ ಮೂರು ಅಂಕಣಗಳನ್ನೂ ತುಂಬಲೇಬೇಕೆಂಬ ಹಟ ಮಾತ್ರ ನನಗೆ ಒಪ್ಪಿಗೆಯಿಲ್ಲ. ಸಂಧ್ಯಾ ಸುರಕ್ಷಾ ಮಾಸಾಶನಕ್ಕೆ 65 ತುಂಬಿರಬೇಕು. ವರ್ಷವನ್ನಷ್ಟೇ ಬಲ್ಲ ಮುದುಕಿಯೊಬ್ಬಳಿಗೆ, ಯಾರೋ ಅಂದಾಜಿನಿಂದ ತುಂಬಿದ ತಾರೀಖು ತಿಂಗಳುಗಟ್ಟಲೆ ಹಣವನ್ನು ಮುಂದೂಡೀತು. ‘ವರ್ಷ ಮಾತ್ರ ತಿಳಿದಿದೆ’ ಎಂದು ನಮೂದಿಸಲು ಇನ್ನೊಂದು ಅಂಕಣವನ್ನಿಡುವುದು ಕ್ರಮವಿಧಿಕಾರನಿಗೆ ಅರ್ಧ ದಿನದ ಕೆಲಸ.